ಬಾಚಣಿಗೆಗೆ ಸಿಕ್ಕಿದ್ದು

— ದೊಡ್ಡಪ್ಪ, ಊಟ ಆಗಿ ನೀವು ಒಂದು ಗಳಿಗೆ ಒರಗಿಕೊಂಡು ಎದ್ದ ಮೇಲೆ ಕೇಳೋಣ ಅಂತಿದ್ದೆ. ಮಗಳು ಬಿಡ್ತಿಲ್ಲ. ಅವಳ ಗಿನಿಪಿಗ್‌ನ ಒಂದು ಸಲ ನೋಡಿ. ಕೂದಲು ಉದುರೋದು ಅಂದರೆ ಹೀಗೂ ಉದುರುತ್ತಾ? ಸೋಫಾ, ಹೊದಿಕೆ, ಅವಳ ಸ್ಕೂಲ್ ಸ್ವೆಟರ್, ಎಲ್ಲಿ ನೋಡಿದರೂ ಕೂದಲೇ.

— ನಿದ್ದೆ ಎಲ್ಲಿಗೂ ಓಡಿಹೋಗಲ್ಲ, ತಗೊಂಡು ಬಾ. ಹಾಗಲ್ಲಮ್ಮ, ಹೊಟ್ಟೆ ಅಮುಕಿ ಎತ್ತಬೇಡ. ಒಂದು ಕೈ ಎದೆ ಕೆಳಗೆ ಹೋಗಲಿ, ಇನ್ನೊಂದು ಕೈ ಹಿಂಭಾಗಕ್ಕೆ ಆಸರೆ ಕೊಡಲಿ. ಬೆನ್ನು ಜೋಲಬಾರದು. ಈಗ ಸರಿಯಾಯ್ತು. ನನ್ನ ತೊಡೆ ಮೇಲೆ ಆ ಟವೆಲ್ ಹಾಸು. ಏನು ಇವಳ ಹೆಸರು?

— ಇವಳು ಬೆಲ್ಲ. ಗೂಡಿನಲ್ಲಿ ಇರೋಳು ರಾಗಿ. ಎರಡೂ ಹೆಣ್ಣೇ. ಎರಡಕ್ಕೂ ಒಂದೂವರೆ ವರ್ಷ ಇರಬಹುದು.

— ಬಣ್ಣ ನೋಡಿ ಇಟ್ಟ ಹೆಸರು, ಚೆನ್ನಾಗಿದೆ. ಎಷ್ಟು ದಿನದಿಂದ ಹೀಗೆ ಉದುರ್ತಾ ಇದೆ?

— ಶಿವರಾತ್ರಿ ಕಳೆದ ಮೇಲೆ ಶುರುವಾಯ್ತು.

— ಶಿವ ಶಿವ ಅಂತ ಚಳಿ ಓಡಿಹೋದ ಮೇಲೆ ಇವಕ್ಕೂ ಕಂಬಳಿ ಬೇಡವಾಗುತ್ತೆ. ವರ್ಷಪೂರ್ತಿ ದಿನಾ ಒಂದಿಷ್ಟು ಉದುರ್ತಾನೇ ಇರುತ್ತೆ, ಋತು ತಿರುಗುವಾಗ ಜಾಸ್ತಿ. ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಒಂದು ಮಾತು ಗಮನದಲ್ಲಿಟ್ಟುಕೋ. ಇಲಿಗೆ ಕೂದಲು ಅಲೆ ಅಲೆಯಾಗಿ ಬದಲಾಗುತ್ತೆ. ಮೈಯ ಒಂದು ಭಾಗದ್ದೆಲ್ಲ ಒಟ್ಟಿಗೆ ಬೆಳೆದು ಒಟ್ಟಿಗೆ ನಿಲ್ಲುತ್ತೆ. ಗಿನಿಪಿಗ್ ಹಾಗಲ್ಲ, ನಮ್ಮ ತಲೆಕೂದಲಿನ ಹಾಗೆ. ಒಂದೊಂದು ಕೂದಲಿಗೂ ಅದರದೇ ಗಡಿಯಾರ. ಒಂದು ಬೆಳೀತಿದ್ದರೆ ಪಕ್ಕದ್ದು ಸುಮ್ಮನೆ ನಿಂತಿರುತ್ತೆ, ಅದರ ಪಕ್ಕದ್ದು ಉದುರೋಕೆ ಕಾಯ್ತಿರುತ್ತೆ. ಹಾಗಾಗಿ ಎಷ್ಟೇ ಉದುರಲಿ, ಮೈ ಸ್ವಲ್ಪ ತೆಳುವಾದ ಹಾಗೆ ಕಂಡೀತೇ ಹೊರತು ಬೋಳಾಗಲ್ಲ. ಚರ್ಮ ಕಂಡಿತು ಅಂದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕು.

— ಅಯ್ಯೋ, ಹಾಗಾದರೆ ಕಿವಿ ಹಿಂದೆ ಬೋಳಾಗಿದೆಯಲ್ಲ? ಎರಡೂ ಕಡೆ!

— ಅದೊಂದು ಜಾಗ ಬಿಡು. ಎರಡು ಕಿವಿ ಹಿಂದೆಯೂ ಬೊಟ್ಟಿಟ್ಟಷ್ಟು ಜಾಗದಲ್ಲಿ ಇವಕ್ಕೆ ಕೂದಲೇ ಬರಲ್ಲ. ಹುಟ್ಟಿದಾಗಿನಿಂದ ಹಾಗೇ. ಮೊದಲ ಸಲ ಸಾಕೋರೆಲ್ಲ ಅದನ್ನು ನೋಡಿ ಗಾಬರಿಯಾಗ್ತಾರೆ.

— ಸದ್ಯ. ಆದರೆ ಇಲ್ಲಿ ನೋಡಿ, ಬಲಗಡೆ ಸೊಂಟದ ಹತ್ತಿರ. ಎರಡು ಬೆರಳಗಲ.

— ಕಂಡೆ. ಅದನ್ನು ಕೊನೆಗೆ ನೋಡ್ತೀನಿ. ಗಾಯ ಕಂಡ ತಕ್ಷಣ ಅದರ ಮೇಲೇ ಕಣ್ಣು ನೆಟ್ಟರೆ ಉಳಿದ ಮೈ ಹೇಳೋದು ತಪ್ಪಿಹೋಗುತ್ತೆ. ಲಸಿಕೆ ಪರೀಕ್ಷೆ ಮಾಡೋ ಕಡೆ 26 ವರ್ಷ ಪ್ರಾಣಿಮನೆ ನೋಡಿಕೊಂಡೆನಲ್ಲ, ಅಲ್ಲಿ ನನಗೆ ಮೊದಲು ಕಲಿಸಿದ ಹಿರಿಯರು ಇದನ್ನೇ ಹೇಳಿದ್ದು. ಇವು ಬೇಟೆಗೆ ಸಿಗೋ ಜೀವಗಳು. ಕಾಡಿನಲ್ಲಿ ಸುಸ್ತು ತೋರಿಸಿದರೆ ಹಿಡಿದು ತಿಂದುಬಿಡ್ತಾರೆ ಅನ್ನೋ ಭಯ ರಕ್ತದಲ್ಲೇ ಇದೆ. ನೋವಿದ್ದರೂ ಕೊನೇ ಗಳಿಗೆವರೆಗೂ ನೆಟ್ಟಗೆ ಕೂತಿರ್ತವೆ. ಕೂದಲಿಗೆ ಮಾತ್ರ ಆ ನಟನೆ ಬರಲ್ಲ. ಈಗ ನೋಡು, ಬೆನ್ನಿನ ಮೇಲೆ ಮೆಲ್ಲಗೆ ಊದ್ತೀನಿ. ಕೂದಲು ಹೂವಿನ ಹಾಗೆ ಬಿಚ್ಚಿಕೊಳ್ತಲ್ಲ? ಬುಡದಲ್ಲಿ ಚರ್ಮ ಹೇಗಿದೆ ಹೇಳು.

— ನಸುಗೆಂಪು. ಅಲ್ಲಲ್ಲಿ ಬಿಳಿ ಹೊಟ್ಟು ಇದೆ.

— ಆ ಹೊಟ್ಟು ಇರಬಾರದಿತ್ತು. ಸ್ನಾನ ಮಾಡಿಸ್ತೀಯಾ?

— ಪ್ರತಿ ಭಾನುವಾರ. ಕೂದಲು ಉದುರೋದು ನಿಲ್ಲಲಿ ಅಂತ ಮಗಳ ಶಾಂಪೂನಲ್ಲೇ ತೊಳೀತಿದ್ದೆ. ವಾಸನೆ ಬರಬಾರದು ಅಂತಲೂ ಇತ್ತು.

— ಇನ್ನು ಮೇಲೆ ಬೇಡ ಕಣಮ್ಮ. ನಿನ್ನ ಮನಸ್ಸಿನಲ್ಲಿ ಪ್ರೀತಿ ಇತ್ತು, ಗೊತ್ತು. ಆದರೆ ಚರ್ಮದ ಎಣ್ಣೆಯೆಲ್ಲ ತೊಳೆದುಹೋಗಿ ಒಣಗಿ ಹೊಟ್ಟು ಏಳ್ತಿದೆ. ಬೆಕ್ಕಿನ ಹಾಗೆ ಇವೂ ತಮ್ಮ ಮೈ ತಾವೇ ನೆಕ್ಕಿ ಚೊಕ್ಕಟ ಮಾಡಿಕೊಳ್ತವೆ. ಗಿಡ್ಡ ಕೂದಲಿನ ಗಿನಿಪಿಗ್‌ಗೆ ವರ್ಷದಲ್ಲಿ ಎರಡು ಮೂರು ಸ್ನಾನವೂ ಹೆಚ್ಚೇ. ವಾಸನೆ ಬರೋದು ಇವುಗಳಿಂದ ಅಲ್ಲ, ಗೂಡಿನ ಒದ್ದೆ ಕಾಗದದಿಂದ. ಅದನ್ನು ದಿನಾ ತೆಗೆದರೆ ಸಾಕು. ಮಾಡಿಸಲೇಬೇಕಾಗಿ ಬಂದರೆ ಉಗುರುಬೆಚ್ಚಗಿನ ನೀರು, ಮುಖಕ್ಕೆ ತಾಗದ ಹಾಗೆ. ಆಮೇಲೆ ಬುಡದವರೆಗೂ ಒರೆಸಿ ಒಣಗಿಸಬೇಕು. ಒದ್ದೆ ಮೈಯಲ್ಲಿ ಗಾಳಿಗೆ ಬಿಟ್ಟರೆ ಶೀತ ಎದೆಗೆ ಇಳಿಯುತ್ತೆ. ಗಂಡು ಸಾಕಿರೋರಿಗೆ ಮಾತ್ರ ಇನ್ನೊಂದು ಕೆಲಸ ಇದೆ. ಬಾಲ ಇರಬೇಕಾದ ಜಾಗದಲ್ಲಿ ಒಂದು ಎಣ್ಣೆ ಗ್ರಂಥಿ ಇರುತ್ತೆ, ಅಲ್ಲಿ ಕೂದಲು ಜಿಡ್ಡುಗಟ್ಟಿ ಕಪ್ಪಗೆ ಅಂಟಿಕೊಳ್ಳುತ್ತೆ. ಅಲ್ಲಿಗಷ್ಟೇ ಕೊಬ್ಬರಿ ಎಣ್ಣೆ ಹಚ್ಚಿ, ನೆನೆದ ಮೇಲೆ ಒರೆಸಿ ತೆಗೀಬೇಕು.

— ಮಗಳಿಗೆ ಇನ್ನೊಂದು ತರೋ ಆಸೆ. ಉದ್ದ ಕೂದಲಿನದು, ಗೊಂಬೆ ಹಾಗಿರುತ್ತಲ್ಲ, ಅದು.

— ಪೆರುವಿಯನ್ ಜಾತಿ. ಆ ಕೂದಲು ಬಿಟ್ಟರೆ ಒಂದಡಿಗೂ ಮೀರಿ ಬೆಳೆಯುತ್ತೆ, ಮುಖದ ಮೇಲೇ ಇಳಿಬಿದ್ದು ಮುಂದೆ ಯಾವುದು ಹಿಂದೆ ಯಾವುದು ಗೊತ್ತಾಗಲ್ಲ. ಸಿಲ್ಕಿ ಅಂತ ಇನ್ನೊಂದಿದೆ, ಅದರದ್ದು ಹಣೆಯಿಂದ ಹಿಂದಕ್ಕೆ ಬಾಚಿದ ಹಾಗೆ. ಟೆಕ್ಸೆಲ್ ಅನ್ನೋದಕ್ಕೆ ಉದ್ದವೂ ಹೌದು, ಗುಂಗುರೂ ಹೌದು. ನಿಮ್ಮ ರಾಗಿ ಇದ್ದಾಳಲ್ಲ, ಮೈ ತುಂಬ ಸುಳಿ ಇದೆಯಲ್ಲ, ಅದು ಅಬಿಸಿನಿಯನ್. ಒಳ್ಳೆ ತಳಿಗೆ ಎಂಟು ಹತ್ತು ಸುಳಿ ಇರುತ್ತೆ. ನಮ್ಮ ಅಪ್ಪ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಸುಳಿ ನೋಡ್ತಿದ್ದರಲ್ಲ, ನನಗೆ ಅಬಿಸಿನಿಯನ್ ನೋಡಿದಾಗೆಲ್ಲ ಅದೇ ನೆನಪು. ಈಗ ಒಂದು ವಿಷಯ ಯೋಚನೆ ಮಾಡು. ಇವುಗಳ ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟ. ಪೆರು, ಬೊಲಿವಿಯಾ ಕಡೆಯ ಜನ ಸಾವಿರಾರು ವರ್ಷಗಳಿಂದ ಊಟಕ್ಕಾಗಿ ಸಾಕ್ಕೊಂಡು ಬಂದಿದ್ದಾರೆ, ಕುಯ್ ಅಂತ ಕರೀತಾರೆ. ಅಲ್ಲಿನ ಕಾಡುಬಂಧುಗಳಿಗೆಲ್ಲ ಇರೋದು ನಯವಾದ ಗಿಡ್ಡ ಕೂದಲು. ರಾಗಿಯ ಒಂದು ಕೂದಲು ತಗೊಂಡು ಬೆಳಕಿಗೆ ಹಿಡಿ. ಬುಡದಲ್ಲಿ ಕಪ್ಪು, ತುದಿಯ ಹತ್ತಿರ ಹೊಂಬಣ್ಣದ ಪಟ್ಟೆ. ಒಣಹುಲ್ಲಿನಲ್ಲಿ ಅಡಗಿ ಕೂರೋಕೆ ಅಂತ ಹುಟ್ಟಿದ ಬಣ್ಣ ಅದು. ನೆಲಕ್ಕೆ ಎಳೆಯೋ ಉದ್ದ ಕೂದಲನ್ನು ಆರಿಸಿ ಆರಿಸಿ ಬೆಳೆಸಿದ್ದು ಮನುಷ್ಯ. ಅದನ್ನು ಬಾಚಿಕೊಳ್ಳೋಕೆ ಆ ಪ್ರಾಣಿಗೆ ಬರಲ್ಲ. ಹಾಗಾಗಿ ಆ ಕೆಲಸ ನಮ್ಮದೇ. ದಿನಾ ಬಾಚೋಕೆ ಹೊತ್ತು ಇಲ್ಲದವರು ಆ ಜಾತಿ ತರಲೇಬಾರದು.

— ದಿನಾ ಬಾಚಬೇಕಾ?

— ದಿನಾ. ಸಿಕ್ಕು ಬಿಡಿಸೋದು ತಪ್ಪಿದರೆ ಜಡೆಗಟ್ಟುತ್ತೆ. ಜಡೆ ಚರ್ಮವನ್ನು ಎಳೀತಾ ಇರುತ್ತೆ, ಒಳಗೆ ತೇವ ನಿಂತು ಹುಣ್ಣಾಗುತ್ತೆ. ಅದಕ್ಕಿಂತ ಘೋರ ಏನು ಗೊತ್ತಾ? ಹಿಂಭಾಗದ ಉದ್ದ ಕೂದಲು ಉಚ್ಚೆಯಲ್ಲಿ ನೆನೆದಿದ್ದರೆ ನೊಣ ಬಂದು ಮೊಟ್ಟೆ ಇಡುತ್ತೆ. ದನದ ಗಾಯಕ್ಕೆ ಹುಳ ಬೀಳೋದು ನೋಡಿದ್ದೀಯಲ್ಲ, ಅದೇ. ಒಂದು ದಿನದೊಳಗೆ ಮರಿ ಒಡೆದು ಮಾಂಸಕ್ಕೆ ಇಳೀತವೆ. ಹಾಗಾಗಿ ಉದ್ದ ಕೂದಲಿನವನ್ನು ಹಿಂದೆ ನೆಲ ಮುಟ್ಟದ ಹಾಗೆ ಕತ್ತರಿಸಬೇಕು. ಗಂಟು ಬಿಡಿಸುವಾಗ ಬುಡವನ್ನು ಎರಡು ಬೆರಳಲ್ಲಿ ಬಿಗಿ ಹಿಡಿದು ತುದಿಯಿಂದ ಬಾಚ್ತಾ ಬರಬೇಕು, ಎಳೆತ ಚರ್ಮಕ್ಕೆ ತಾಗಬಾರದು. ಬಿಡಿಸೋಕಾಗದ ಗಂಟಿದ್ದರೆ ಚರ್ಮಕ್ಕೂ ಗಂಟಿಗೂ ಮಧ್ಯೆ ಬಾಚಣಿಗೆ ತೂರಿಸಿ ಅದರ ಮೇಲೆ ಕತ್ತರಿ ಆಡಿಸಬೇಕು. ಇವುಗಳ ಚರ್ಮ ಜಗ್ಗುತ್ತೆ, ಗಂಟಿನ ಜೊತೆ ಮೇಲಕ್ಕೆ ಬಂದುಬಿಡುತ್ತೆ. ಬರಿ ಕತ್ತರಿ ಹಾಕಿದರೆ ರಕ್ತವೇ.

— ಸೆಖೆಗೂ ಕತ್ತರಿಸೋದು ಒಳ್ಳೇದಲ್ವಾ? ಕಲಬುರಗಿಯಲ್ಲಿರೋ ನಾದಿನಿ ಮನೆಯಲ್ಲೂ ಒಂದಿದೆ.

— ಕಲಬುರಗಿಯ ಮೇ ತಿಂಗಳಲ್ಲಿ ಅದು ಪ್ರಾಣದ ಪ್ರಶ್ನೆ. ಬೆಟ್ಟದ ತಂಪಿನ ಪ್ರಾಣಿ ಇದು, 18ರಿಂದ 24 ಡಿಗ್ರಿಯಲ್ಲಿ ಹಾಯಾಗಿರುತ್ತೆ. ನಮ್ಮ ಹಾಗೆ ಬೆವರಿ ತಂಪಾಗೋಕೆ ಬರಲ್ಲ. 40 ದಾಟೋ ಊರಲ್ಲಿ ಕೂದಲು ಗಿಡ್ಡ ಮಾಡಿ, ಮನೆಯ ತಣ್ಣಗಿನ ಕೋಣೆಯ ನೆಲದ ಮೇಲೆ ಗೂಡು ಇಡೋಕೆ ಹೇಳು. ಹಾಂ, ಈಗ ಒಂದು ಕಪ್ಪು ಬಟ್ಟೆ ಕೊಡು. ಜೊತೆಗೆ ತಲೆ ಸೀರು ತೆಗೆಯೋ ಬಾಚಣಿಗೆ.

— ಮಗಳದ್ದು ಹಳೇದಿದೆ, ತಗೊಳ್ಳಿ. ಇವಕ್ಕೂ ಹೇನಾಗುತ್ತಾ?

— ಆಗುತ್ತೆ. ಸಣ್ಣಗೆ, ತೆಳ್ಳಗೆ, ಹಳದಿ ಛಾಯೆಯದ್ದು, ಬರಿಗಣ್ಣಿಗೇ ಕಾಣುತ್ತೆ. ಅದು ಮನುಷ್ಯರ ತಲೆಯಲ್ಲಿ ಬದುಕಲ್ಲ, ಹೆದರಬೇಡ. ಕಣ್ಣಿಗೆ ಕಾಣದ್ದೇ ಕ್ರೂರಿ. ಟ್ರಿಕ್ಸಾಕಾರಸ್ ಅನ್ನೋ ನುಸಿ ಚರ್ಮ ಕೊರೆದು ಒಳಗೇ ಬಿಲ ಮಾಡುತ್ತೆ. ನಾವು ಕಜ್ಜಿ ಅಂತೀವಲ್ಲ, ಆ ಜಾತಿ. ತುರಿಕೆ ತಡೀಲಾರದೆ ಕೆರೆದು ಕೆರೆದು ಮೈ ಹುಣ್ಣು ಮಾಡಿಕೊಳ್ತವೆ, ಮುಟ್ಟಿದರೆ ಕಿರುಚ್ತವೆ, ಮೂರ್ಛೆ ಬಂದ ಹಾಗೆ ಬಿದ್ದು ಒದ್ದಾಡ್ತವೆ. ಅದಕ್ಕೆ ಒಳ್ಳೆ ಔಷಧಿ ಇದೆ, ಐವರ್ಮೆಕ್ಟಿನ್. ಡಾಕ್ಟರು ತೂಕ ನೋಡಿ ಕೊಡಬೇಕು, ವಾರ ಎರಡು ವಾರ ಬಿಟ್ಟು ಮತ್ತೆ ಕೊಡಬೇಕು. ಯಾಕೆ ಅಂದರೆ ಮೊಟ್ಟೆಗಳು ಮೊದಲ ಸಲಕ್ಕೆ ಸಾಯಲ್ಲ. ಎರಡನೇ ಸಲಕ್ಕೆ ಹೋಗದವರೇ ಹೆಚ್ಚು, ತಿಂಗಳಲ್ಲಿ ಮತ್ತೆ ಅದೇ ಕಥೆ. ನಮ್ಮ ಬೀದಿಯ ಒಂದು ಮನೆಯಲ್ಲಿ ನಾಯಿಯ ಉಣ್ಣೆಗೆ ಹಾಕೋ ಔಷಧಿಯನ್ನೇ ಇವಕ್ಕೂ ಹಾಕಿದರು, ಉಳಿದಿತ್ತಲ್ಲ ಅಂತ. ಮುಕ್ಕಾಲು ಕೇಜಿ ಜೀವ ಅದು. ನಾನು ಹೋಗುವಷ್ಟರಲ್ಲಿ ಮುಗಿದಿತ್ತು. ಆ ಹುಡುಗ ಅದನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಕೂತಿದ್ದ.

— ನನಗೂ ಫ್ರಿಜ್‌ನಲ್ಲಿರೋ ಮಗಳ ಆ್ಯಂಟಿಬಯಾಟಿಕ್ ಒಂದೆರಡು ಹನಿ ಕೊಡೋಣ ಅನ್ನಿಸಿತ್ತು ದೊಡ್ಡಪ್ಪ. ಅಮಾಕ್ಸಿಸಿಲಿನ್.

— ಕೊಟ್ಟಿಲ್ಲ ತಾನೇ? ದೇವರು ದೊಡ್ಡವನು. ಪೆನಿಸಿಲಿನ್ ಜಾತಿಯ ಔಷಧಿ ಬಾಯಿಂದ ಹೋದರೆ ಇವುಗಳ ಕರುಳಿನ ಒಳ್ಳೆ ಸೂಕ್ಷ್ಮಜೀವಿಗಳು ಸತ್ತು, ಕೆಟ್ಟವು ಹಬ್ಬಿ ವಿಷ ಬಿಡ್ತವೆ. ಹುಲ್ಲು ಜೀರ್ಣ ಮಾಡಿಕೊಡೋದೇ ಆ ಸೂಕ್ಷ್ಮಜೀವಿಗಳು. ಮಕ್ಕಳನ್ನು ಉಳಿಸೋ ಔಷಧಿಯೇ ಇವಕ್ಕೆ ಯಮ. ಮನೆಯ ಡಬ್ಬದಿಂದ ಏನನ್ನೂ ಕೊಡಬೇಡ. ಈಗ ಬಟ್ಟೆ ನೋಡು. ಹೊಟ್ಟು ಬಿದ್ದಿದೆ, ಒಂದಷ್ಟು ಕೂದಲು ಬಿದ್ದಿದೆ. ಯಾವುದಾದರೂ ಅಲುಗಾಡ್ತಿದೆಯಾ?

— ಇಲ್ಲ. ಏನೂ ಇಲ್ಲ.

— ಹೇನಿಲ್ಲ. ಅವಳು ಕೆರ್ಕೊಳ್ತಾನೂ ಇಲ್ಲ. ಮೂಗು, ಕಣ್ಣು, ಕಿವಿ ಸುತ್ತ ಬಿಳಿ ಹಕ್ಕಳೆ ಇಲ್ಲ, ಹಾಗಾಗಿ ಹುಳುಕಡ್ಡಿಯ ಲಕ್ಷಣವೂ ಕಾಣಿಸ್ತಿಲ್ಲ. ಅದು ಸಾಮಾನ್ಯವಾಗಿ ಮುಖದಿಂದ ಶುರುವಾಗುತ್ತೆ. ಹುಳುಕಡ್ಡಿ ಮಾತ್ರ ಮಕ್ಕಳಿಗೂ ಹತ್ತುತ್ತೆ, ಅಂಥದ್ದು ಕಂಡರೆ ಮಗಳ ಕೈ ತೋಳು ಒಂದು ಸಲ ನೋಡು. ಈಗ ನಿನ್ನ ಬೋಳು ಜಾಗಕ್ಕೆ ಬರೋಣ. ಎಡಗಡೆ ಇಂಥದ್ದೇ ಇದೆಯಾ? ಇಲ್ಲ. ಎರಡೂ ಪಕ್ಕೆಯಲ್ಲಿ ಕನ್ನಡಿ ಹಿಡಿದ ಹಾಗೆ ಸಮವಾಗಿ, ತುರಿಕೆ ಇಲ್ಲದೆ ಕೂದಲು ಹೋಗಿದ್ದರೆ ಅಂಡಾಶಯದಲ್ಲಿ ನೀರುಗುಳ್ಳೆ ಇದೆಯಾ ಅಂತ ಸ್ಕ್ಯಾನ್ ಮಾಡಿಸಬೇಕಾಗ್ತಿತ್ತು. ವಯಸ್ಸಾದ ಹೆಣ್ಣುಗಳಲ್ಲಿ ಅದು ಬಹಳ. ಬಸುರಿಗೂ ದಿನ ತುಂಬುವ ಹೊತ್ತಿಗೆ ಕೂದಲು ತೆಳುವಾಗುತ್ತೆ. ಇದು ಎರಡೂ ಅಲ್ಲ. ನಿನ್ನ ಬೆರಳು ಕೊಡು. ಬಾಲದ ಕಡೆಯಿಂದ ತಲೆ ಕಡೆಗೆ, ಕೂದಲಿಗೆ ಎದುರಾಗಿ ಮೆಲ್ಲಗೆ ಆಡಿಸು. ಏನನ್ನಿಸುತ್ತೆ?

— ಚುಚ್ಚುತ್ತೆ! ನಮ್ಮನೆಯವರು ಶೇವ್ ಮಾಡಿ ಒಂದು ದಿನ ಕಳೆದ ಗಲ್ಲದ ಹಾಗಿದೆ.

— ಅಲ್ಲಿಗೆ ಗೊತ್ತಾಯ್ತು. ಬಟ್ಟೆ ಮೇಲೆ ಬಿದ್ದ ಕೂದಲೊಂದನ್ನು ಎತ್ತಿ ನೋಡು, ಬುಡದಲ್ಲಿ ಚುಕ್ಕಿಯಷ್ಟು ಬಿಳಿ ಗಂಟು ಕಾಣುತ್ತೆ. ಅದು ತಾನಾಗಿ ಉದುರಿದ್ದು. ಸೋಫಾ ಮೇಲಿನದೆಲ್ಲ ಇದೇ, ಅದು ಋತುವಿನದು. ಈ ಜಾಗದ್ದು ಉದುರಿಲ್ಲ ಕಣಮ್ಮ. ಬುಡ ಗಟ್ಟಿಯಾಗಿ ಚರ್ಮದಲ್ಲೇ ಇದೆ. ಮೇಲಿನಿಂದ ಯಾರೋ ಹಲ್ಲಲ್ಲಿ ಕತ್ತರಿಸಿದ್ದಾರೆ.

— ರಾಗಿನಾ?

— ತನ್ನ ಸೊಂಟಕ್ಕೆ ತಾನೂ ಬಾಯಿ ಹಾಕಬಹುದು. ಆದರೆ ಇಲ್ಲಿ ನೋಡು, ಭುಜದ ಮೇಲೆ, ಕತ್ತಿಗೆ ಹತ್ತಿರ ಕತ್ತರಿಸಿದ ಇನ್ನೊಂದು ಚಿಕ್ಕ ಜಾಗ ಇದೆ. ಅಲ್ಲಿಗೆ ಅವಳ ಬಾಯಿ ಮುಟ್ಟಲ್ಲ. ಜೊತೆಯವಳೇ. ಈಗ ಹೇಳು, ಇವಕ್ಕೆ ತಿನ್ನೋಕೆ ಏನು ಕೊಡ್ತೀಯಾ?

— ಅಂಗಡಿಯಿಂದ ತಂದ ಪೆಲೆಟ್. ಸೌತೆಕಾಯಿ, ಕ್ಯಾರೆಟ್. ಮೊದಲು ಒಣಹುಲ್ಲು ತರ್ತಿದ್ದೆ, ಹೊರದೇಶದ ಟಿಮೋಥಿ ಹುಲ್ಲು. ಬೆಲೆ ಜಾಸ್ತಿ, ಅದರ ಮೇಲೆ ಕೂದಲೂ ಹುಲ್ಲೂ ಸೇರಿ ಮನೆಯೆಲ್ಲ ಕಸ. ಎರಡು ತಿಂಗಳಿಂದ ನಿಲ್ಲಿಸಿದ್ದೀನಿ. ಪೆಲೆಟ್‌ನಲ್ಲಿ ಎಲ್ಲ ಪೌಷ್ಟಿಕಾಂಶ ಇದೆ ಅಂತ ಬರೆದಿದ್ದಾರಲ್ಲ.

— ಅಲ್ಲೇ ತಪ್ಪಾಗಿದ್ದು. ಪೌಷ್ಟಿಕಾಂಶ ಇರಬಹುದು, ಅಗಿಯೋ ಕೆಲಸ ಇಲ್ಲ. ಇವುಗಳ ಹಲ್ಲು ಸಾಯೋವರೆಗೂ ಬೆಳೀತಾ ಇರುತ್ತೆ. ಹುಲ್ಲು ಅಗಿದು ಅಗಿದು ಸವೆಸಬೇಕು. ಎಚ್ಚರ ಇರೋ ಹೊತ್ತಿನಲ್ಲೆಲ್ಲ ಬಾಯಿಗೆ ನಾರು ಬೇಕು. ಪೆಲೆಟ್ ಹತ್ತು ನಿಮಿಷದಲ್ಲಿ ಮುಗೀತು, ಆಮೇಲೆ ಇಡೀ ದಿನ ಏನು ಮಾಡಬೇಕು? ಗೂಡಿನಲ್ಲಿ ಹುಲ್ಲಿಗೆ ಹತ್ತಿರದ್ದು ಅಂದರೆ ಬೆಲ್ಲನ ಕೂದಲು. ರಾಗಿ ಕೆಟ್ಟವಳಲ್ಲ, ಅವಳಿಗೂ ಬೇರೆ ದಾರಿ ಇರಲಿಲ್ಲ. ಕತ್ತರಿಸಿದ ಕೂದಲು ಅವಳ ಹೊಟ್ಟೆಗೇ ಹೋಗಿದೆ. ಇವಕ್ಕೆ ವಾಂತಿ ಮಾಡೋಕೆ ಬರಲ್ಲ, ನುಂಗಿದ್ದನ್ನು ಮುಂದಕ್ಕೆ ತಳ್ಳೋದು ಹುಲ್ಲಿನ ನಾರೇ. ಹುಲ್ಲೂ ಇಲ್ಲದಿದ್ದರೆ ಅದು ಒಳಗೇ ಉಂಡೆಗಟ್ಟಬಹುದು. ಹಾಗಾಗಿ ರಾಗಿಯ ಹಿಕ್ಕೆ ಸರಿಯಾಗಿ ಬೀಳ್ತಿದೆಯಾ ಅಂತ ನಾಳೆಯಿಂದ ನೋಡ್ತಿರು.

— ಎರಡನ್ನೂ ಬೇರೆ ಬೇರೆ ಗೂಡಿನಲ್ಲಿ ಇಟ್ಟರೆ?

— ಬೇಡ. ಇವು ಗುಂಪಿನಲ್ಲಿ ಬದುಕೋ ಜೀವ. ಸ್ವಿಟ್ಜರ್ಲೆಂಡಿನಲ್ಲಿ ಒಂಟಿ ಗಿನಿಪಿಗ್ ಸಾಕೋದನ್ನೇ 2008ರ ನಿಯಮದಲ್ಲಿ ತಡೆದಿದ್ದಾರೆ. ಅದು ಸರಿಯಾದ ಕೆಲಸ ಅಂತ ನನ್ನ ಅಭಿಪ್ರಾಯ. ಎರಡು ಕಡೆ ಹುಲ್ಲಿನ ರಾಶಿ ಇಡು, ಅಡಗಿಕೊಳ್ಳೋಕೆ ಎರಡು ರಟ್ಟಿನ ಡಬ್ಬ ಇಡು, ಎರಡಕ್ಕೂ ಎರಡೆರಡು ಬಾಗಿಲು ಕೊರೆ. ಒಬ್ಬಳು ಬಂದರೆ ಇನ್ನೊಬ್ಬಳು ಆಚೆಯಿಂದ ಹೋಗಬೇಕು. ಎರಡು ಮೂರು ವಾರದಲ್ಲಿ ಬೋಳು ಜಾಗ ತುಂಬಿಕೊಳ್ಳೋದು ಕಾಣುತ್ತೆ. ಕಾಣದಿದ್ದರೆ ನನ್ನ ಮಾತು ಬಿಟ್ಟು ಡಾಕ್ಟರ ಹತ್ತಿರ ಹೋಗು. ಮೊಲ, ಗಿನಿಪಿಗ್ ನೋಡಿ ಅಭ್ಯಾಸ ಇರೋರನ್ನೇ ಹುಡುಕು.

— ಟಿಮೋಥಿ ಹುಲ್ಲೇ ಆಗಬೇಕಾ ದೊಡ್ಡಪ್ಪ?

— ಯಾಕಮ್ಮ, ನಮ್ಮ ಗರಿಕೆ ಇಲ್ವಾ? ಗಣಪತಿಗೆ ಏರಿಸೋ ಗರಿಕೆ. ಹಸಿರಾಗಿರುವಾಗಲೂ ಕೊಡಬಹುದು, ನೆರಳಲ್ಲಿ ಒಣಗಿಸಿಯೂ ಕೊಡಬಹುದು. ನಾಯಿ ಓಡಾಡೋ ಜಾಗದ್ದು, ಔಷಧಿ ಹೊಡೆದದ್ದು ಬೇಡ. ತೊಳೆದು ನೀರು ಬಸಿದು ಹಾಕು. ಭತ್ತದ ಹುಲ್ಲು ಹಾಸೋಕೆ ಆದೀತು, ಅದರ ಮೇಲೇ ಜೀವನ ಮಾಡಿಸೋಕಾಗಲ್ಲ. ಇನ್ನು ಸೌತೆಕಾಯಿ ಕ್ಯಾರೆಟ್ ಸಾಲದು. ದಪ್ಪ ಮೆಣಸಿನಕಾಯಿ ದಿನಾ ಒಂದು ಹೋಳು, ಆಗಾಗ ಸೀಬೆಹಣ್ಣಿನ ಚೂರು, ಕೊತ್ತಂಬರಿ ಸೊಪ್ಪು. ನಮ್ಮ ಹಾಗೆ ಇವಕ್ಕೂ ಮೈಯಲ್ಲಿ ಸಿ ಜೀವಸತ್ವ ತಯಾರಿಸಿಕೊಳ್ಳೋಕೆ ಬರಲ್ಲ. ನಾಯಿಗೆ ಬರುತ್ತೆ, ಇಲಿಗೆ ಬರುತ್ತೆ, ನಮಗೂ ಇವಕ್ಕೂ ಬರಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಅನ್ನೋ ಇಬ್ಬರು ಇವಕ್ಕೆ ಬರಿ ಧಾನ್ಯ ಹಾಕಿ ನೋಡಿದಾಗ ನಾವಿಕರಿಗೆ ಬರ್ತಿದ್ದ ಸ್ಕರ್ವಿಯೇ ಇವಕ್ಕೂ ಬಂತು. ಆ ರೋಗದ ಗುಟ್ಟು ಬಿಡಿಸೋಕೆ ದಾರಿ ತೋರಿದ್ದು ಆ ಗಿನಿಪಿಗ್‌ಗಳೇ.

— ಅದಕ್ಕೂ ಕೂದಲಿಗೂ ಸಂಬಂಧ ಇದೆಯಾ?

— ಇದೆ. ಅದನ್ನು ನಾನು ಕಲಿತದ್ದು ಕೆಟ್ಟ ದಾರಿಯಲ್ಲಿ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒಂದು ಸಾಲಿನ ಗೂಡುಗಳಲ್ಲಿ ಕೂದಲಿನ ಹೊಳಪು ಹೋಯ್ತು, ಮಳೆಯಲ್ಲಿ ನೆಂದು ಒಣಗಿದ ಹಾಗೆ ಎದ್ದು ನಿಂತಿತ್ತು. ನಾನು ಋತು ಬದಲಾಗ್ತಿದೆ ಅಂದುಕೊಂಡು ಸುಮ್ಮನಾದೆ. ವಾರ ಕಳೆಯೋದರೊಳಗೆ ಒಂದೊಂದೇ ಕುಂಟೋಕೆ ಶುರುವಾಯ್ತು. ಕೀಲು ಊದಿಕೊಂಡಿತ್ತು, ಎತ್ತಿಕೊಂಡರೆ ಕೂಗ್ತಿದ್ದವು. ಆಗ ಆಹಾರದ ಚೀಲದ ದಿನಾಂಕ ನೋಡಿದರೆ ತಯಾರಾಗಿ ಐದು ತಿಂಗಳಾಗಿತ್ತು. ಆ ಜೀವಸತ್ವ ಮೂರು ತಿಂಗಳೊಳಗೆ ಬಹಳಷ್ಟು ಕರಗಿಹೋಗುತ್ತೆ. ಚೀಲ ತುಂಬಿತ್ತು, ಇವುಗಳ ಹೊಟ್ಟೆಯೂ ತುಂಬಿತ್ತು, ಆದರೂ ನಾಲ್ಕು ಸತ್ತವು. ಕೂದಲು ಒಂದು ವಾರ ಮೊದಲೇ ಹೇಳಿತ್ತಮ್ಮ. ಓದೋಕೆ ನನಗೆ ಬರ್ತಿರಲಿಲ್ಲ. ನಿನ್ನ ಡಬ್ಬದ ದಿನಾಂಕವನ್ನೂ ಈಗಲೇ ನೋಡು.

— ನೋಡ್ತೀನಿ. ನೀವು ಇಷ್ಟೊಂದು ಮನಸ್ಸಿಗೆ ಹಚ್ಚಿಕೊಂಡಿದ್ದೀರಿ ಅಂತ ಗೊತ್ತಿರಲಿಲ್ಲ ದೊಡ್ಡಪ್ಪ.

— ನಿನ್ನ ಮಗಳಿಗೆ ಒಂದೂವರೆ ತಿಂಗಳಿಗೆ ಡಿಫ್ತೀರಿಯಾದ ಚುಚ್ಚುಮದ್ದು ಹಾಕಿಸಿದೆಯಲ್ಲ? ಅಂಥ ಲಸಿಕೆ ಹೊರಗೆ ಬರೋಕೆ ಮುಂಚೆ ಅದರ ಶಕ್ತಿ ಪರೀಕ್ಷೆ ಆಗ್ತಿದ್ದದ್ದು ಇವುಗಳ ಮೇಲೆ. ನನ್ನ ಕೈಯಿಂದ ಊಟ ತಿಂದು ಹೋದವು ಎಷ್ಟೋ. ಅವಕ್ಕೆ ಬದುಕಿದ್ದಷ್ಟು ದಿನ ಮೈ ತುರಿಸಬಾರದು, ಚಳಿಯಾಗಬಾರದು ಅನ್ನೋದಷ್ಟೇ ನನ್ನ ಕೈಲಿತ್ತು. ಸರಿ, ಮಗಳನ್ನು ಕರಿ. ಬಾಚೋದನ್ನು ಅವಳೇ ಕಲೀಲಿ. ಇಲ್ಲಿ ಬಾ ಪುಟ್ಟಿ, ಕೂತ್ಕೋ. ಕೈ ಒದ್ದೆ ಮಾಡಿಕೊಂಡು ಕೊಡವು. ತಲೆಯಿಂದ ಬಾಲದ ಕಡೆಗೆ ಹೀಗೆ ಸವರು. ನೋಡಿದೆಯಾ, ಸಡಿಲ ಕೂದಲೆಲ್ಲ ಅಂಗೈಗೆ ಅಂಟಿಕೊಂಡು ಬಂತು. ಮೂರು ಸಲ ಹಾಗೆ ಮಾಡು, ಆಮೇಲೆ ಮೆತ್ತನೆ ಬ್ರಷ್ಷು, ಕೂದಲು ಮಲಗೋ ಕಡೆಗೇ. ಹೊಟ್ಟೆ ಕೆಳಗೆ ಮೆಲ್ಲಗೆ, ಅಲ್ಲಿ ಕಚಗುಳಿ. ಉದುರುವ ಕಾಲ ಮುಗಿಯೋವರೆಗೆ ವಾರಕ್ಕೆ ಎರಡು ಮೂರು ಸಲ, ಆಮೇಲೆ ಒಂದು ಸಲ ಸಾಕು. ಬಾಚಿದ ದಿನವೇ ಅಡುಗೆಮನೆಯ ತಕ್ಕಡಿಯಲ್ಲಿ ಕೂರಿಸಿ ತೂಕ ಬರೆದಿಡು. ಮೊದಲು ತೂಕ ಇಳಿಯುತ್ತೆ, ಆಮೇಲೆ ರೋಗ ಕಾಣುತ್ತೆ.

— ಮಗಳು ಸೀನ್ತಾಳಲ್ಲ ದೊಡ್ಡಪ್ಪ, ಕೂದಲಿನಿಂದಲಾ?

— ಕೂದಲಿಗಿಂತ ಅದಕ್ಕೆ ಅಂಟಿರೋ ಹೊಟ್ಟು, ಎಂಜಲು, ಉಚ್ಚೆಯಿಂದ ಹೆಚ್ಚು. ಇನ್ನು ಒಣಹುಲ್ಲು ಹಾಕೋಕೆ ಶುರು ಮಾಡಿದರೆ ಅದರ ಧೂಳೂ ಸೇರಬಹುದು. ಬಾಲ್ಕನಿಯಲ್ಲಿ ಬಾಚಲಿ, ಬಾಚಿ ಕೈ ತೊಳೀಲಿ. ಸೀನು ನಿಲ್ಲದಿದ್ದರೆ ಅವಳನ್ನೂ ಡಾಕ್ಟರಿಗೆ ತೋರಿಸು. ಎಲ್ಲಿಗೆ ಹೊರಟೆ?

— ಕೆಳಗೆ ಹೂವಿನ ಅಂಗಡಿಯಲ್ಲಿ ಗರಿಕೆ ಇತ್ತು, ಬೆಳಿಗ್ಗೆ ನೋಡಿದ್ದೆ. ಎರಡು ಕಟ್ಟು ತರ್ತೀನಿ.

— ನಾಲ್ಕು ತಾ. ಚೆನ್ನಾಗಿ ತೊಳಿ, ಯಾವ ನೀರು ಚಿಮುಕಿಸಿರ್ತಾರೋ. ಪುಟ್ಟಿ, ಅಮ್ಮ ಬಂದು ಕವರ್ ಸದ್ದು ಮಾಡಿದ ತಕ್ಷಣ ರಾಗಿ ಹೇಗೆ ಸಿಳ್ಳೆ ಹಾಕ್ತಾಳೆ ಕೇಳು. ಅಲ್ಲಿವರೆಗೂ ಬೆಲ್ಲನ ಈ ಜಾಗ ಮುಟ್ಟಬೇಡ, ಉಳಿದ ಕಡೆ ಬಾಚು. ಹಾಂ, ಹಾಗೆ. ಕಣ್ಣು ಅರ್ಧ ಮುಚ್ಚಿದಳು ನೋಡು.